ಲ್ಯಾಂಡ್‌ಲೈನ್ ಕರೆ ಹಿಯರಿಂಗ್ ಏಡ್‌ನಲ್ಲಿ ಸರಿಯಾಗಿ ಕೇಳಬೇಕೇ? ಹೀಗೆ ಮಾಡಿ

ವೈರ್‌ಲೆಸ್ ಹಿಯರಿಂಗ್ ಏಡ್ ಹಾಕಿಕೊಂಡವರಿಗೆ ಮೊಬೈಲ್ ಕರೆ ದೊಡ್ಡ ನೆಮ್ಮದಿ. ಫೋನ್ ಮೇಜಿನ ಮೇಲೇ ಇರುತ್ತದೆ, ಮಾತು ನೇರವಾಗಿ ಎರಡೂ ಕಿವಿಯಲ್ಲಿ ಕೇಳುತ್ತದೆ. ಆದರೆ ಮನೆಯ ಲ್ಯಾಂಡ್‌ಲೈನ್ ರಿಂಗ್ ಆದಾಗ ಮತ್ತೆ ಹಳೇ ಪಾಡು. ರಿಸೀವರ್ ಕಿವಿಗೆ ಒತ್ತಿದರೆ ಕುಯ್ ಅಂತ ಸೀಟಿ. ದೂರ ಹಿಡಿದರೆ ಮಾತು ಕೇಳುವುದಿಲ್ಲ. ಕೊನೆಗೆ ಏಡ್ ಕಿತ್ತು ಪಕ್ಕಕ್ಕಿಟ್ಟು, "ಸ್ವಲ್ಪ ಜೋರಾಗಿ ಹೇಳಿ" ಅಂತ ಕೂಗುವುದು. ಇಷ್ಟು ಖರ್ಚು ಮಾಡಿ ತಂದ ಸಾಧನವನ್ನು ಫೋನ್ ಬಂದಾಗೆಲ್ಲ ತೆಗೆದಿಡಬೇಕು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಹಾಗೆ ಮಾಡಬೇಕಾಗಿಲ್ಲ. ದಾರಿಗಳು ಹಲವಿವೆ. ಮೊದಲ ಎರಡಕ್ಕೆ ಹೆಚ್ಚಿನವರಿಗೆ ಖರ್ಚೇ ಬರುವುದಿಲ್ಲ. ಆದರೆ ಒಂದು ಕೋರಿಕೆ: ಏನನ್ನಾದರೂ ಕೊಳ್ಳುವ ಮುಂಚೆ ಇದನ್ನು ಪೂರ್ತಿ ಓದಿ. ಪೆಟ್ಟಿಗೆ ಮೇಲೆ "ಬ್ಲೂಟೂತ್" ಅಂತ ಬರೆದಿದ್ದಷ್ಟನ್ನೇ ನೋಡಿ ಕಾರ್ಡ್‌ಲೆಸ್ ಫೋನ್ ತಂದರೆ ಅದು ನಿಮ್ಮ ಏಡ್‌ಗೆ ಜೋಡಿಯಾಗದೇ ಇರಬಹುದು. ಯಾಕೆ ಅನ್ನುವುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ತೊಡಕು ಎಲ್ಲಿದೆ?

ವೈರಿನ ಲ್ಯಾಂಡ್‌ಲೈನ್‌ನಲ್ಲಿ ಮಾತು ತಂತಿಯ ಮೇಲೆ ವಿದ್ಯುತ್ ಸಂಕೇತವಾಗಿ ಬರುತ್ತದೆ. ರಿಸೀವರ್‌ನಲ್ಲಿರುವ ಪುಟ್ಟ ಸ್ಪೀಕರ್ ಅದನ್ನು ಸದ್ದಾಗಿ ಮಾಡುತ್ತದೆ. ಇದರಲ್ಲಿ ಎಲ್ಲೂ ರೇಡಿಯೋ ಅಲೆ ಇಲ್ಲ. ನಿಮ್ಮ ಏಡ್‌ನ ವೈರ್‌ಲೆಸ್ ಭಾಗಕ್ಕೆ ಬೇಕಾಗಿರುವುದೇ ರೇಡಿಯೋ ಅಲೆ. ಹಾಗಾಗಿ ಇವೆರಡರ ನಡುವೆ ಏನಾದರೂ ಒಂದು ಸೇತುವೆ ಬೇಕು.

ಫೋನಿನ ಮಾತು ಏಡ್ ಒಳಗೆ ಹೋಗಲು ಮುಖ್ಯವಾಗಿ ಮೂರು ಬಾಗಿಲು. ಒಂದು, ಏಡ್‌ನ ಮೈಕ್. ಎರಡು, ಟೆಲಿಕಾಯಿಲ್ ಅನ್ನುವ ಪುಟ್ಟ ತಂತಿ ಸುರುಳಿ. ಮೂರು, ರೇಡಿಯೋ. ನೀವು ಯಾವುದೇ ಉಪಕರಣ ನೋಡಿದರೂ "ಇದು ಯಾವ ಬಾಗಿಲಿಂದ ಹೋಗುತ್ತದೆ?" ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇನ್ನೊಂದು ವಿಷಯವೂ ಗೊತ್ತಿರಲಿ. ಸಾಮಾನ್ಯ ಲ್ಯಾಂಡ್‌ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತದೆ. ಸ, ಫ ಇಂಥ ದನಿಗಳ ಬಲ ಬಹುಪಾಲು ಇರುವುದು ಅದಕ್ಕಿಂತ ಮೇಲೆ. ಅದು ದಾರಿಯಲ್ಲೇ ಕತ್ತರಿಸಿ ಹೋಗುತ್ತದೆ. ಎದುರಿಗೆ ಕೂತು ಮಾತಾಡುವಾಗ ತುಟಿ ಕಾಣುತ್ತದೆ, ಮುಖ ಕಾಣುತ್ತದೆ. ಫೋನಿನಲ್ಲಿ ಅದೂ ಇಲ್ಲ. ಇಪ್ಪತ್ತೋ ಎಪ್ಪತ್ತೋ ತಿಳಿಯದೆ ಹೋದರೆ ನಿಮ್ಮ ಏಡ್ ಕೆಟ್ಟಿದೆ ಅಂತಲೋ, ಕಿವಿ ಇನ್ನೂ ಮಂದವಾಯಿತು ಅಂತಲೋ ಗಾಬರಿಯಾಗಬೇಡಿ.

ಇಷ್ಟು ಗೊತ್ತಾದ ಮೇಲೆ ಗುರಿ ಏನು ಅನ್ನುವುದೂ ಸ್ಪಷ್ಟವಾಗುತ್ತದೆ. ಜೋರು ಸದ್ದು ಸಾಕಾಗುವುದಿಲ್ಲ. ಸ್ವಚ್ಛವಾದ ಸದ್ದು ಬೇಕು, ಸಾಧ್ಯವಾದರೆ ಎರಡೂ ಕಿವಿಗೆ ಬೇಕು. ಒಂದೇ ಕಿವಿಯಲ್ಲಿ ಕೇಳುವುದಕ್ಕಿಂತ ಎರಡರಲ್ಲೂ ಕೇಳಿದಾಗ ಅದೇ ಮಾತು ಹೆಚ್ಚು ಅರ್ಥವಾಗುತ್ತದೆ. ಖಾಲಿ ಇರುವ ಕಿವಿಯೊಳಗೆ ಮನೆಯ ಗದ್ದಲ ನುಗ್ಗುವುದೂ ತಪ್ಪುತ್ತದೆ. ಕೆಳಗಿನ ದಾರಿಗಳನ್ನೆಲ್ಲ ನಾನು ತೂಗಿರುವುದು ಈ ಅಳತೆಯಿಂದಲೇ.

ಮೊದಲು: ಕಿವಿಯಲ್ಲಿ ಏನಿದೆ ತಿಳಿದುಕೊಳ್ಳಿ

ಏಡ್‌ನ ಕಂಪನಿ ಮತ್ತು ಪೂರ್ತಿ ಮಾದರಿ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಆಡಿಯಾಲಜಿಸ್ಟ್‌ಗೆ, ಅಂದರೆ ಏಡ್ ಹೊಂದಿಸಿಕೊಡುವ ಶ್ರವಣ ತಜ್ಞರಿಗೆ ಫೋನ್ ಮಾಡಿ, ಅಥವಾ ಮನೆಯವರಿಂದ ಮಾಡಿಸಿ, ನಾಲ್ಕು ಪ್ರಶ್ನೆ ಕೇಳಿ.

1. ಇದರಲ್ಲಿ ಟೆಲಿಕಾಯಿಲ್ ಇದೆಯಾ? ಇದ್ದರೆ ಆನ್ ಮಾಡಿದ್ದೀರಾ?
2. ಫೋನಿಗೆ ಅಂತಲೇ ಬೇರೆ ಪ್ರೋಗ್ರಾಂ (ಏಡ್‌ನ ಸದ್ದಿನ ಹೊಂದಾಣಿಕೆ) ಹಾಕಿದ್ದೀರಾ?
3. ಒಂದು ಕಿವಿಗೆ ರಿಸೀವರ್ ಹಿಡಿದರೆ ಇನ್ನೊಂದು ಏಡ್‌ಗೂ ಸದ್ದು ಕಳಿಸುವ ಸೌಲಭ್ಯ ಇದೆಯಾ?
4. ಇದರದ್ದು ಯಾವ ಬಗೆಯ ಬ್ಲೂಟೂತ್?

ಮೊದಲ ಪ್ರಶ್ನೆಗೆ "ಇದೆ, ಆದರೆ ಆನ್ ಮಾಡಿಲ್ಲ" ಅನ್ನುವ ಉತ್ತರ ಬಂದರೆ ಆಶ್ಚರ್ಯ ಬೇಡ. ಕಾಯಿಲ್ ಒಳಗೆ ಇದ್ದರೂ ಅದಕ್ಕೆ ಒಂದು ಪ್ರೋಗ್ರಾಂ ಜೋಡಿಸುವವರೆಗೆ ಅದು ಸುಮ್ನೆ ಕೂತಿರುತ್ತದೆ. ಹಲವು ಚಿಕ್ಕ ಮಾದರಿಗಳಲ್ಲಿ, ರೀಚಾರ್ಜ್ ಮಾಡುವ ಹಲವು ಏಡ್‌ಗಳಲ್ಲಿ ಕಾಯಿಲ್ಲೇ ಇರುವುದಿಲ್ಲ. ಇನ್ನೂ ಏಡ್ ಕೊಂಡಿಲ್ಲ, ಮನೆಯಲ್ಲಿ ಲ್ಯಾಂಡ್‌ಲೈನ್ ಬಳಕೆ ಜಾಸ್ತಿ ಅನ್ನುವವರು ಕೊಳ್ಳುವ ಹೊತ್ತಿನಲ್ಲೇ ಇದನ್ನು ಕೇಳಿ. ಆಮೇಲೆ ಸೇರಿಸಲು ಸಾಮಾನ್ಯವಾಗಿ ಆಗುವುದಿಲ್ಲ.

ನಾಲ್ಕನೇ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಏಡ್‌ಗಳಲ್ಲಿ ಬ್ಲೂಟೂತ್ ಅಂದರೆ ಒಂದೇ ಅಲ್ಲ. ಕ್ಲಾಸಿಕ್ ಬ್ಲೂಟೂತ್ ಅನ್ನುವುದು ಮಾಮೂಲಿ ಹೆಡ್‌ಸೆಟ್, ಕಾರು ಇವುಗಳಲ್ಲಿ ಇರುವಂಥದ್ದು. ಫೋನಾಕ್ ಕಂಪನಿ 2018ರಲ್ಲಿ ತಂದ ಮಾರ್ವೆಲ್ ಸರಣಿಯ ಏಡ್‌ಗಳು ಇದನ್ನು ಬಳಸುತ್ತವೆ. ಆ್ಯಪಲ್‌ನ "ಮೇಡ್ ಫಾರ್ ಐಫೋನ್" ಮತ್ತು ಗೂಗಲ್‌ನ "ಆಶಾ" ಅನ್ನುವ ವ್ಯವಸ್ಥೆಗಳು ಬೇರೆ. ಅವು ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ಮೇಲೆ ನಡೆಯುತ್ತವೆ, ಆಯಾ ಬಗೆಯ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳಿಗೆ ಅಂತಲೇ ಮಾಡಿದವು. ಎಲ್‌ಇ ಆಡಿಯೊ ಅನ್ನುವ, ಕಡಿಮೆ ವಿದ್ಯುತ್ತಿನ ಬ್ಲೂಟೂತ್‌ನ ಹೊಸ ಬಗೆಯೂ ಬಂದಿದೆ. ಮನೆಯ ಕಾರ್ಡ್‌ಲೆಸ್ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಲಾಸಿಕ್ ಬ್ಲೂಟೂತ್ ಮಾತ್ರ. ನಿಮ್ಮ ಏಡ್‌ನಲ್ಲಿ ಅದು ಇಲ್ಲದಿದ್ದರೆ ಫೋನ್ ಎಷ್ಟು ಹುಡುಕಿದರೂ ಏಡ್ ಕಾಣುವುದೇ ಇಲ್ಲ.

ಎರಡನೆಯದು: ರಿಸೀವರ್ ಹಿಡಿಯುವ ರೀತಿ ಬದಲಿಸಿ

ತೀರಾ ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಏಡ್ ತೆಗೆದಿಟ್ಟು ಮಾತಾಡುವ ಎಷ್ಟೋ ಜನರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಿವಿಯ ಹಿಂದೆ ಕೂರುವ ಏಡ್‌ಗಳ ಮೈಕ್ ಕಿವಿಯ ರಂಧ್ರದಲ್ಲಿ ಇಲ್ಲ. ಕಿವಿಯ ಮೇಲ್ತುದಿಯ ಹತ್ತಿರ, ಏಡ್‌ನ ಬೆನ್ನ ಮೇಲೆ ಇದೆ. ರಿಸೀವರನ್ನು ಎಲ್ಲರಂತೆ ರಂಧ್ರಕ್ಕೆ ಹಿಡಿದರೆ ಸದ್ದು ಮೈಕ್‌ಗೆ ಸರಿಯಾಗಿ ಸೇರುವುದಿಲ್ಲ. ಅದನ್ನು ಸ್ವಲ್ಪ ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಸರಿಸಿ. ಕೆಳಗಿನ ತುದಿ ಬಾಯಿಂದ ತೀರಾ ದೂರ ಹೋಗದಂತೆ ಓರೆಯಾಗಿ ಹಿಡಿಯಿರಿ. ಕಿವಿಯೊಳಗೇ ಕೂರುವ ಚಿಕ್ಕ ಏಡ್ ಆಗಿದ್ದರೆ ಮಾಮೂಲಿ ಜಾಗವೇ ಸರಿ, ಆದರೆ ಒತ್ತಬೇಡಿ.

ಸೀಟಿ ಯಾಕೆ ಬರುತ್ತದೆ? ಏಡ್ ದೊಡ್ಡದು ಮಾಡಿದ ಸದ್ದು ಕಿವಿಯಿಂದ ಸ್ವಲ್ಪ ಸೋರುತ್ತದೆ. ರಿಸೀವರ್ ಅಡ್ಡ ಬಂದಾಗ ಅದು ಬಡಿದು ಮತ್ತೆ ಮೈಕ್‌ಗೆ ಬರುತ್ತದೆ, ಏಡ್ ಅದನ್ನು ಮತ್ತೆ ದೊಡ್ಡದು ಮಾಡುತ್ತದೆ. ಒಂದು ಬೆರಳಿನಷ್ಟು ಸಂದು ಬಿಟ್ಟು, ರಿಸೀವರನ್ನು ಸ್ವಲ್ಪ ವಾಲಿಸಿದರೆ ಹೆಚ್ಚಿನ ಸಲ ನಿಲ್ಲುತ್ತದೆ. ಆದರೂ ನಿಲ್ಲದಿದ್ದರೆ ಕಿವಿಯ ಮೋಲ್ಡ್ (ಕಿವಿಯ ಅಳತೆಗೆ ಮಾಡಿದ ಅಚ್ಚು) ಅಥವಾ ರಬ್ಬರ್ ತುದಿ ಸಡಿಲವಾಗಿದೆಯಾ ಅಂತ ತೋರಿಸಿ.

ಅಭ್ಯಾಸಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ರಿಸೀವರ್ ಎತ್ತಿ, ನಂಬರ್ ಒತ್ತಬೇಡಿ. ಗುಂಯ್ ಅನ್ನುವ ಡಯಲ್ ಟೋನ್ ಒಂದೇ ಸಮ ಬರುತ್ತಿರುತ್ತದೆ. ಅದನ್ನು ಕೇಳುತ್ತಾ ರಿಸೀವರನ್ನು ನಿಧಾನವಾಗಿ ಕಿವಿಯ ಸುತ್ತ ಸರಿಸಿ. ಎಲ್ಲಿ ಅತಿ ಗಟ್ಟಿಯಾಗಿ, ಸ್ಪಷ್ಟವಾಗಿ ಕೇಳುತ್ತದೋ ಅದು ನಿಮ್ಮ ಜಾಗ. ಕನ್ನಡಿ ಮುಂದೆ ನಿಂತು ನೋಡಿಕೊಂಡರೆ ಕೈಗೆ ಬೇಗ ರೂಢಿಯಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಟೋನ್ ತಾನಾಗಿ ನಿಂತುಬಿಡುತ್ತದೆ. ಆಗ ಇಟ್ಟು ಮತ್ತೆ ಎತ್ತಿ.

ಇಲ್ಲಿ ಆಡಿಯಾಲಜಿಸ್ಟ್ ಹಾಕಿಕೊಡುವ ಫೋನ್ ಪ್ರೋಗ್ರಾಂ ಬಹಳ ನೆರವಾಗುತ್ತದೆ. ಫೋನಿನ ಸದ್ದಿಗೆ ತಕ್ಕಂತೆ ಅದನ್ನು ಹೊಂದಿಸುತ್ತಾರೆ. ಕೆಲವು ಏಡ್‌ಗಳ ಜೊತೆ ಪುಟ್ಟ ಅಯಸ್ಕಾಂತದ ಬಿಲ್ಲೆ ಸಿಗುತ್ತದೆ. ಅದನ್ನು ರಿಸೀವರ್‌ಗೆ ಅಂಟಿಸಿದರೆ, ಕಿವಿ ಹತ್ತಿರ ತಂದ ಕೂಡಲೇ ಏಡ್ ತಾನಾಗಿಯೇ ಫೋನ್ ಪ್ರೋಗ್ರಾಂಗೆ ಹೋಗುತ್ತದೆ. ಗುಂಡಿ ಒತ್ತಲು ಬೆರಳು ಸಹಕರಿಸದ ಹಿರಿಯರಿಗೆ ಇದು ವರ. ಆದರೆ ಆ ಬಿಲ್ಲೆ ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಪೇಸ್‌ಮೇಕರ್ ಇರುವವರು ಅಯಸ್ಕಾಂತ ಬಳಸುವ ಮುಂಚೆ ಹೃದಯದ ಡಾಕ್ಟರನ್ನು ಕೇಳಲೇಬೇಕು. ಆ ರಿಸೀವರನ್ನು ಎದೆಯ ಜೇಬಿನಲ್ಲಂತೂ ಇಡಬಾರದು.

ಮೂರನೇ ಪ್ರಶ್ನೆ ನೆನಪಿದೆಯಲ್ಲ, ಇನ್ನೊಂದು ಕಿವಿಗೂ ಸದ್ದು ಕಳಿಸುವುದು? ಫೋನಾಕ್‌ನವರು ಇದನ್ನು "ಡ್ಯುಒಫೋನ್" ಅನ್ನುತ್ತಾರೆ. ಬೇರೆ ಕೆಲವು ಕಂಪನಿಗಳ ಏಡ್‌ಗಳಲ್ಲೂ ಬೇರೆ ಹೆಸರಿನಲ್ಲಿ ಇದೆ. ರಿಸೀವರ್ ಹಿಡಿದ ಕಡೆಯ ಏಡ್, ತಾನು ಕೇಳಿದ್ದನ್ನು ಇನ್ನೊಂದು ಕಿವಿಯ ಏಡ್‌ಗೆ ವೈರ್‌ಲೆಸ್ ಮೂಲಕ ದಾಟಿಸುತ್ತದೆ. ಫೋನ್ ಹಳೆಯದಾದರೂ ಅಡ್ಡಿಯಿಲ್ಲ, ಬೇರೆ ಏನೂ ಕೊಳ್ಳಬೇಕಾಗಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಏಡ್‌ನಲ್ಲಿ ಇದು ಇದ್ದರೆ ಮೊದಲು ಇದನ್ನೇ ಆನ್ ಮಾಡಿಸಿ, ಒಂದಷ್ಟು ದಿನ ಬಳಸಿ ನೋಡಿ. ಎಷ್ಟೋ ಜನರಿಗೆ ಇಲ್ಲಿಗೇ ಕೆಲಸ ಮುಗಿಯಬಹುದು.

ಟೆಲಿಕಾಯಿಲ್ ಇದ್ದರೆ

ಟೆಲಿಕಾಯಿಲ್ ಅಂದರೆ ಸಣ್ಣ ಲೋಹದ ಕಡ್ಡಿಗೆ ಸುತ್ತಿದ ಸಪೂರ ತಾಮ್ರದ ತಂತಿ. ರಿಸೀವರ್‌ನ ಸ್ಪೀಕರ್ ಸದ್ದಿನ ಜೊತೆಗೆ ಸ್ವಲ್ಪ ಕಾಂತಕ್ಷೇತ್ರವನ್ನೂ ಹೊರಡಿಸುತ್ತದೆ. ಕಾಯಿಲ್ ಅದನ್ನು ಹಿಡಿದು ವಿದ್ಯುತ್ ಸಂಕೇತ ಮಾಡುತ್ತದೆ, ಏಡ್ ಅದನ್ನು ಮತ್ತೆ ಸದ್ದಾಗಿ ಮಾಡುತ್ತದೆ. ಕಾಯಿಲ್‌ಗೆ ಅಂತಲೇ ಇರುವ ಟಿ ಪ್ರೋಗ್ರಾಂನಲ್ಲಿ ಮೈಕ್ ಮುಚ್ಚಿರುತ್ತದೆ. ಹಾಗಾಗಿ ಸೀಟಿ ಬರಲು ಕಾರಣವೇ ಇಲ್ಲ. ಟಿವಿ, ಮಿಕ್ಸಿ, ಪಕ್ಕದವರ ಮಾತು ಯಾವುದೂ ಒಳಗೆ ಬರುವುದಿಲ್ಲ. ಹಳೇ ತಂತ್ರಜ್ಞಾನ ಅಂತ ಇದನ್ನು ಕಡೆಗಣಿಸುವವರಿದ್ದಾರೆ. ವೈರಿನ ಲ್ಯಾಂಡ್‌ಲೈನ್‌ಗೆ ಇದಕ್ಕಿಂತ ಸರಳವಾದದ್ದು ನನಗಂತೂ ಕಂಡಿಲ್ಲ. ಬ್ಯಾಟರಿಯನ್ನೂ ಸ್ಟ್ರೀಮಿಂಗ್‌ನಷ್ಟು, ಅಂದರೆ ರೇಡಿಯೋ ಮೂಲಕ ಮಾತು ತರಿಸಿಕೊಳ್ಳುವಷ್ಟು ತಿನ್ನುವುದಿಲ್ಲ.

ಮಾಡುವ ಕ್ರಮ ಹೀಗೆ. ಏಡ್‌ನ ಗುಂಡಿ, ರಿಮೋಟ್ ಅಥವಾ ಆ್ಯಪ್‌ನಿಂದ ಟಿ ಪ್ರೋಗ್ರಾಂ ಆರಿಸಿ. ಸುತ್ತಲಿನ ಸದ್ದು ತಟ್ಟನೆ ನಿಂತರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ರಿಸೀವರ್ ಎತ್ತಿ, ಡಯಲ್ ಟೋನ್ ಕೇಳುತ್ತಾ, ಈ ಸಲ ಏಡ್‌ನ ಮೈಗೆ ತಾಗುವಷ್ಟು ಹತ್ತಿರ ತನ್ನಿ. ಮೇಲೆ ಕೆಳಗೆ ಸರಿಸಿ, ಆಮೇಲೆ ಕೋನ ಬದಲಿಸಿ. ಕಾಯಿಲ್ ಒಂದು ದಿಕ್ಕಿಗೆ ಇರುತ್ತದೆ, ಅದಕ್ಕೆ ಕೋನ ಮುಖ್ಯ. ಕರೆ ಮುಗಿದ ಮೇಲೆ ಮಾಮೂಲಿ ಪ್ರೋಗ್ರಾಂಗೆ ಮರಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಬಾಗಿಲ ಬೆಲ್ಲೂ ಕೇಳಿಸುವುದಿಲ್ಲ. ಮಗು, ಹುಷಾರಿಲ್ಲದವರು ಮನೆಯಲ್ಲಿದ್ದು ಸದ್ದಿನ ಕಡೆ ಗಮನ ಬೇಕು ಅನ್ನುವವರು ಮೈಕ್ ಮತ್ತು ಕಾಯಿಲ್ ಎರಡೂ ತೆರೆದಿರುವ ಪ್ರೋಗ್ರಾಂ ಕೇಳಿ ಹಾಕಿಸಿಕೊಳ್ಳಬಹುದು. ಅದನ್ನು ಎಂಟಿ ಅನ್ನುತ್ತಾರೆ.

ಟಿ ಹಾಕಿದಾಗ ಗುಂಯ್‌ಗುಡುವ ಸದ್ದು ಬಂದರೆ ಅದು ಏಡ್‌ನ ದೋಷವಲ್ಲ. ಕಾಯಿಲ್‌ಗೆ ಎಲ್ಲ ಕಾಂತಕ್ಷೇತ್ರವೂ ಒಂದೇ. ಲೈಟಿನ ಡಿಮ್ಮರ್, ಹಳೇ ಟ್ಯೂಬ್‌ಲೈಟ್ ಚೋಕ್, ಮೋಟಾರ್, ಕಂಪ್ಯೂಟರ್, ಗೋಡೆಯ ಒಳಗಿನ ವೈರಿಂಗ್ ಎಲ್ಲವನ್ನೂ ಅದು ಹಿಡಿಯುತ್ತದೆ. ನಿಂತಲ್ಲೇ ಕಾಲು ಸುತ್ತು ತಿರುಗಿ ನೋಡಿ, ಕಡಿಮೆಯಾಗಬಹುದು. ಆಗದಿದ್ದರೆ ಫೋನಿನ ಜಾಗವನ್ನೇ ಬದಲಿಸಿ.

ಎಲ್ಲ ಫೋನೂ ಕಾಯಿಲ್‌ಗೆ ಹೊಂದುವುದಿಲ್ಲ. ಪೀಜೋ ಬಗೆಯ (ಅಯಸ್ಕಾಂತ, ಸುರುಳಿ ಇಲ್ಲದ) ಸ್ಪೀಕರ್ ಇರುವ ಫೋನಿನಿಂದ ಸಾಕಷ್ಟು ಕಾಂತಕ್ಷೇತ್ರ ಬರುವುದಿಲ್ಲ. ಕೊಳ್ಳುವಾಗ "ಹಿಯರಿಂಗ್ ಏಡ್ ಕಂಪ್ಯಾಟಿಬಲ್" ಅಂತ ಇದೆಯಾ, ಅಥವಾ ಕಿವಿಯ ಚಿತ್ರದ ಪಕ್ಕ ಟಿ ಅಕ್ಷರ ಇದೆಯಾ ನೋಡಿ. ಅಮೆರಿಕದಲ್ಲಿ 1988ರ ಕಾನೂನಿನಿಂದಾಗಿ ಅಲ್ಲಿಗಾಗಿ ತಯಾರಾಗುವ ವೈರಿನ ಫೋನುಗಳಿಗೆ 1989ರಿಂದ, ಕಾರ್ಡ್‌ಲೆಸ್ ಫೋನುಗಳಿಗೆ 1991ರಿಂದ ಈ ಹೊಂದಾಣಿಕೆ ಕಡ್ಡಾಯವಾಗಿದೆ. ಡಿಜಿಟಲ್ ಕಾರ್ಡ್‌ಲೆಸ್ ಫೋನಿನ ಒಳಗಿನ ಎಲೆಕ್ಟ್ರಾನಿಕ್ಸ್ ಕಾಯಿಲ್‌ಗೆ ಗಲಾಟೆ ಕೊಡುವುದುಂಟು. ಅದನ್ನು ಕಡಿಮೆ ಮಾಡಲೆಂದೇ ಟಿಐಎ-1083 ಅನ್ನುವ ಮಾನದಂಡ ಇದೆ, ಅದರ ಗುರುತು ಪೆಟ್ಟಿಗೆ ಮೇಲೆ ಇರುತ್ತದೆ. ಆದರೂ ಸಾಧ್ಯವಾದರೆ ನಿಮ್ಮ ಏಡ್ ಹಾಕಿಕೊಂಡೇ ಹೋಗಿ, ಟಿ ಹಾಕಿ, ಕೇಳಿ ನೋಡಿ ತನ್ನಿ.

ಕಾಯಿಲ್ ಇದ್ದು, ಎರಡೂ ಕಿವಿಗೆ ಬೇಕು ಅನ್ನುವವರಿಗೆ ನೆಕ್‌ಲೂಪ್ ಇದೆ. ಕೊರಳಿಗೆ ಹಾಕಿಕೊಳ್ಳುವ ತಂತಿಯ ಕುಣಿಕೆ ಇದು. ಫೋನಿನ ಹೆಡ್‌ಸೆಟ್ ತೂತಿಗೆ ಚುಚ್ಚಿದರೆ ಎರಡೂ ಏಡ್‌ಗಳ ಕಾಯಿಲ್‌ಗೆ ಮಾತು ಹೋಗುತ್ತದೆ. ಎರಡು ವಿಷಯ ನೋಡಿಕೊಳ್ಳಿ. ಕಾರ್ಡ್‌ಲೆಸ್ ಫೋನುಗಳಲ್ಲಿ ಈ ತೂತು ಹಲವು ಸಲ 2.5 ಮಿ.ಮೀ. ಅಳತೆಯದು, ಮೊಬೈಲಿನ 3.5 ಮಿ.ಮೀ. ಅಲ್ಲ. ಎರಡನೆಯದಾಗಿ, ಹೆಡ್‌ಸೆಟ್ ಪಿನ್ ಚುಚ್ಚಿದ ಕೂಡಲೇ ಸಾಮಾನ್ಯವಾಗಿ ಫೋನಿನ ಸ್ವಂತ ಮೈಕ್ ಬಂದ್ ಆಗುತ್ತದೆ. ನೆಕ್‌ಲೂಪ್‌ನಲ್ಲಿ ಮೈಕ್ ಇಲ್ಲದಿದ್ದರೆ ನಿಮಗೆ ಅವರ ಮಾತು ಕೇಳುತ್ತದೆ, ಅವರಿಗೆ ನಿಮ್ಮದು ಕೇಳುವುದಿಲ್ಲ. ಇಲ್ಲೂ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳಿಯೇ ಹಾಕಿಕೊಳ್ಳಿ.

ರೇಡಿಯೋ ದಾರಿ: ಏಡ್ ಕಂಪನಿಯದೇ ಉಪಕರಣ

ಲ್ಯಾಂಡ್‌ಲೈನ್‌ನಲ್ಲಿ ದಿನಕ್ಕೆ ಹಲವು ಸಲ ಮಾತಾಡುವವರು, ಶ್ರವಣ ನಷ್ಟ ಜಾಸ್ತಿ ಇರುವವರು ಈ ದಾರಿಯನ್ನು ಗಂಭೀರವಾಗಿ ಯೋಚಿಸಬೇಕು. ಇದರಲ್ಲಿ ಎರಡು ಬಗೆ.

ಒಂದು, ಕಾರ್ಡ್‌ಲೆಸ್ ಫೋನೇ ಏಡ್‌ಗೆ ನೇರವಾಗಿ ಮಾತು ಕಳಿಸುವುದು. ಫೋನಾಕ್‌ನ ಡೆಕ್ಟ್ ಫೋನ್, ವೈಡೆಕ್ಸ್‌ನ ಫೋನ್-ಡೆಕ್ಸ್ ಇಂಥವು. ನೋಡಲು ಸಾಮಾನ್ಯ ಕಾರ್ಡ್‌ಲೆಸ್ ಫೋನಿನಂತೆಯೇ ಇವೆ. ಒಂದು ಕಿವಿಗೆ ಹಿಡಿದರೆ ಎರಡೂ ಏಡ್‌ಗೆ ಮಾತು ಹೋಗುತ್ತದೆ. ಏಡ್ ಇಲ್ಲದ ಮನೆಯವರೂ ಇದನ್ನೇ ಮಾಮೂಲಿ ಫೋನಿನಂತೆ ಬಳಸಬಹುದು. ಹೊಸದಾಗಿ ಏನೂ ಕಲಿಯಬೇಕಾಗಿಲ್ಲ ಅನ್ನುವುದೇ ಇದರ ದೊಡ್ಡ ಗುಣ. ವಯಸ್ಸಾದವರಿಗೆ ಕೊಡಿಸುವುದಾದರೆ ನನ್ನ ಮೊದಲ ಆಯ್ಕೆ ಇಂಥದ್ದೇ.

ಇನ್ನೊಂದು, ಈಗಿರುವ ಫೋನ್ ಹಾಗೇ ಇಟ್ಟುಕೊಂಡು ಲೈನಿಗೆ ಅಡಾಪ್ಟರ್ ಸೇರಿಸುವುದು. ಒಟಿಕಾನ್ ಕಂಪನಿಯ ಫೋನ್ ಅಡಾಪ್ಟರ್ ಹೀಗೆ ಕೆಲಸ ಮಾಡುತ್ತದೆ. ಅಡಾಪ್ಟರ್ ಲೈನಿನ ಮಾತನ್ನು ಬ್ಲೂಟೂತ್ ಮಾಡಿ, ಕೊರಳಿಗೆ ಅಥವಾ ಅಂಗಿಗೆ ಸಿಕ್ಕಿಸಿಕೊಂಡ ಕ್ಲಿಪ್‌ಗೆ ಕಳಿಸುತ್ತದೆ. ಕ್ಲಿಪ್ ಅದನ್ನು ಏಡ್‌ಗೆ ದಾಟಿಸುತ್ತದೆ, ನಿಮ್ಮ ಮಾತನ್ನೂ ಅದೇ ಹಿಡಿಯುತ್ತದೆ.

ಜೋಡಿಸುವ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ:

1. ಲೈನ್ ಅನಲಾಗ್ ತಾನೇ ಅಂತ ಖಾತ್ರಿ ಮಾಡಿಕೊಳ್ಳಿ. ಗೋಡೆಯ ಮಾಮೂಲಿ ಫೋನ್ ಸಾಕೆಟ್ ಆಗಬಹುದು, ಫೈಬರ್ ರೂಟರ್‌ನ ಹಿಂದಿರುವ ಫೋನ್ ಪೋರ್ಟ್ ಆಗಬಹುದು. ಆಫೀಸುಗಳ ಡಿಜಿಟಲ್ ಎಕ್ಸ್‌ಟೆನ್ಶನ್ ಫೋನುಗಳಿಗೆ ಇದು ಹೊಂದುವುದಿಲ್ಲ.
2. ಸಾಕೆಟ್‌ಗೆ ಒಂದಕ್ಕೆ ಎರಡಾಗುವ ಸ್ಪ್ಲಿಟರ್ ಹಾಕಿ, ಒಂದಕ್ಕೆ ಫೋನ್, ಇನ್ನೊಂದಕ್ಕೆ ಅಡಾಪ್ಟರ್ ಚುಚ್ಚಿ. ಅಡಾಪ್ಟರ್‌ನಲ್ಲೇ ಫೋನಿಗೆ ತೂತು ಇದ್ದರೆ ಸ್ಪ್ಲಿಟರ್ ಬೇಡ. ಆಮೇಲೆ ಕರೆಂಟ್ ಕೊಡಿ.
3. ಕ್ಲಿಪ್ ಪೂರ್ತಿ ಚಾರ್ಜ್ ಆಗಲಿ. ಮೊದಲು ಕ್ಲಿಪ್ ಮತ್ತು ಏಡ್ ಜೋಡಿ ಮಾಡಿ, ಆಮೇಲೆ ಕ್ಲಿಪ್ ಮತ್ತು ಅಡಾಪ್ಟರ್.
4. ಮೊಬೈಲಿಂದ ನಿಮ್ಮ ಲ್ಯಾಂಡ್‌ಲೈನ್‌ಗೆ ನೀವೇ ಕರೆ ಮಾಡಿ, ಕ್ಲಿಪ್‌ನ ಗುಂಡಿ ಒತ್ತಿ ಎತ್ತಿ ನೋಡಿ.

ಕ್ಲಿಪ್ ಬಾಯಿಂದ ಒಂದು ಗೇಣು ಕೆಳಗೆ ಇರಲಿ. ಸೆರಗು, ಶಾಲು, ಸ್ವೆಟರ್ ಅದರ ಮೇಲೆ ಬಿದ್ದರೆ ಆ ಕಡೆಯವರಿಗೆ ನಿಮ್ಮ ಮಾತು ಗುಸುಗುಸು ಅನ್ನುತ್ತದೆ. ನೀವೇ ಕರೆ ಮಾಡುವಾಗ ಫೋನಿನಲ್ಲೇ ನಂಬರ್ ಒತ್ತಿ, ಆಮೇಲೆ ಮಾತನ್ನು ಕ್ಲಿಪ್‌ಗೆ ತೆಗೆದುಕೊಳ್ಳುವ ಬಗೆಯ ಉಪಕರಣಗಳೂ ಇವೆ. ಪುಸ್ತಿಕೆಯಲ್ಲಿ ಆ ಪುಟಕ್ಕೆ ಗುರುತು ಹಾಕಿಡಿ.

ಈ ಉಪಕರಣಗಳ ಮಿತಿ ಒಂದೇ, ಆದರೆ ದೊಡ್ಡದು. ಒಂದು ಕಂಪನಿಯದು ಇನ್ನೊಂದಕ್ಕೆ ಆಗುವುದಿಲ್ಲ. ಅದೇ ಕಂಪನಿಯ ಹಳೇ ತಲೆಮಾರಿನದು ಹೊಸ ಏಡ್‌ಗೆ ಆಗದೇ ಇರಬಹುದು. ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ತರಬೇಡಿ. ಏಡ್‌ನ ಮಾದರಿ ಹೆಸರು ಹೇಳಿ, "ಇದಕ್ಕೆ ಆಗುತ್ತದೆ" ಅಂತ ಆಡಿಯಾಲಜಿಸ್ಟ್ ಬಾಯಿಂದ ಕೇಳಿದ ಮೇಲೆ ತನ್ನಿ.

ಬ್ಲೂಟೂತ್ ಕಾರ್ಡ್‌ಲೆಸ್ ಫೋನ್: ಇಲ್ಲೇ ಜನ ಮೋಸ ಹೋಗುವುದು

ಕ್ಲಾಸಿಕ್ ಬ್ಲೂಟೂತ್ ಇರುವ ಏಡ್ ನಿಮ್ಮದಾದರೆ ಈ ದಾರಿ ತೆರೆದಿದೆ. ಆದರೆ ಒಂದು ಬಲೆ ಇದೆ.

ಬ್ಲೂಟೂತ್ ಕರೆಯಲ್ಲಿ ಎರಡು ಪಾತ್ರ. ಒಂದು ಕರೆ ಕೊಡುವ ಫೋನಿನ ಪಾತ್ರ, ಇನ್ನೊಂದು ಕರೆ ಪಡೆಯುವ ಹೆಡ್‌ಸೆಟ್‌ನ ಪಾತ್ರ. ಏಡ್ ಯಾವಾಗಲೂ ಹೆಡ್‌ಸೆಟ್. ಅದಕ್ಕೆ ಎದುರಾಗಿ ಫೋನಿನ ಪಾತ್ರ ವಹಿಸುವವರು ಬೇಕು. ಆದರೆ "ಬ್ಲೂಟೂತ್ ಇದೆ" ಅನ್ನುವ ಎಷ್ಟೋ ಕಾರ್ಡ್‌ಲೆಸ್ ಫೋನುಗಳಲ್ಲಿ ಅದು ಇರುವುದು ನಿಮ್ಮ ಮೊಬೈಲ್ ಕರೆಯನ್ನು ಮನೆಯ ಫೋನಿನಲ್ಲಿ ಎತ್ತಲು. ಪ್ಯಾನಸಾನಿಕ್‌ನ "ಲಿಂಕ್ ಟು ಸೆಲ್" ಇಂಥ ಸೌಲಭ್ಯ. ಅಲ್ಲಿ ಕಾರ್ಡ್‌ಲೆಸ್ ಫೋನೇ ಮೊಬೈಲಿನ ಹೆಡ್‌ಸೆಟ್ ಆಗಿಬಿಟ್ಟಿರುತ್ತದೆ. ಹೆಡ್‌ಸೆಟ್ಟಿಗೆ ಹೆಡ್‌ಸೆಟ್ ಜೋಡಿಯಾಗುವುದಿಲ್ಲ. ಹಾಗಂತ ಎಲ್ಲವನ್ನೂ ತಳ್ಳಿಹಾಕಬೇಡಿ. ಕೆಲವು ಮಾದರಿಗಳು ಹೆಡ್‌ಸೆಟ್ ಜೋಡಿಸಲೂ ಬಿಡುತ್ತವೆ. ಗಿಗಾಸೆಟ್‌ನ ಎಸ್‌ಎಲ್450ರಂಥ ಹ್ಯಾಂಡ್‌ಸೆಟ್‌ಗಳಲ್ಲಿ ಬ್ಲೂಟೂತ್ ಹೆಡ್‌ಸೆಟ್‌ಗೆ ಅಂತಲೇ ಜಾಗ ಇದೆ. ಪುಸ್ತಿಕೆಯಲ್ಲಿ "ಹೆಡ್‌ಸೆಟ್ ಪೇರಿಂಗ್" ಅನ್ನುವ ಅಧ್ಯಾಯ ಇದೆಯಾ ಹುಡುಕಿ. ಇದ್ದರೆ ಮಾತ್ರ ಮುಂದುವರಿಯಿರಿ.

ಜೋಡಿ ಮಾಡುವಾಗ ಮನೆಯ ಮೊಬೈಲ್, ಟ್ಯಾಬ್ಲೆಟ್‌ಗಳ ಬ್ಲೂಟೂತ್ ಮೊದಲು ಆಫ್ ಮಾಡಿ. ಇಲ್ಲದಿದ್ದರೆ ಏಡ್ ರೂಢಿಯಂತೆ ಅವುಗಳ ಹಿಂದೆ ಹೋಗುತ್ತದೆ. ಏಡ್‌ಗಳನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಹೊಸ ಜೋಡಿಗೆ ತೆರೆದಿರುವುದು ಆಮೇಲಿನ ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಫೋನಿನ ಮೆನುವಿನಿಂದ ಹೆಡ್‌ಸೆಟ್ ಹುಡುಕಿಸಿ. ಪಿನ್ ಕೇಳಿದರೆ ಹೆಚ್ಚಿನ ಸಲ 0000. ಆದ ಮೇಲೆ ಒಂದು ಕರೆ ಮಾಡಿ ಮೂರು ವಿಷಯ ನೋಡಿ: ಮಾತು ಎರಡೂ ಕಿವಿಗೆ ಬರುತ್ತಿದೆಯಾ, ನಿಮ್ಮ ದನಿಯನ್ನು ಏಡ್ ಹಿಡಿಯುತ್ತಿದೆಯಾ ಅಥವಾ ಫೋನ್ ಬಾಯಿ ಹತ್ತಿರವೇ ಬೇಕಾ, ಎಷ್ಟು ದೂರ ಹೋದರೆ ತುಂಡಾಗುತ್ತದೆ. ಬ್ಲೂಟೂತ್ ಸುಮಾರು 10 ಮೀಟರ್ ಅನ್ನುತ್ತಾರೆ, ಗೋಡೆ ಅಡ್ಡ ಬಂದರೆ ಅದೂ ಇಲ್ಲ. ಬ್ಲೂಟೂತ್ ಇರುವುದು ಬೇಸ್‌ನಲ್ಲಿ, ಅಂದರೆ ಲೈನಿಗೆ ಜೋಡಿಸಿದ ಪೀಠದಲ್ಲಿ ಆದರೆ ನೀವು ಬೇಸ್ ಹತ್ತಿರ ಇರಬೇಕು, ಹ್ಯಾಂಡ್‌ಸೆಟ್‌ನಲ್ಲಿದ್ದರೆ ಅದನ್ನು ಜೊತೆಗೆ ಒಯ್ಯಬಹುದು. ಎರಡನೆಯದೇ ವಾಸಿ.

ಏನೂ ಕೊಳ್ಳದೆ ಸುತ್ತು ದಾರಿ

ನಿಮ್ಮ ಏಡ್ ಈಗಾಗಲೇ ಸ್ಮಾರ್ಟ್‌ಫೋನ್ ಜೊತೆ ಚೆನ್ನಾಗಿ ನಡೆಯುತ್ತಿದೆಯಾ? ಹಾಗಾದರೆ ಲ್ಯಾಂಡ್‌ಲೈನ್ ಕರೆಯನ್ನೇ ಅಲ್ಲಿಗೆ ತರಬಹುದು.

ಇಂಟರ್ನೆಟ್ ರೂಟರ್ ಮೂಲಕ ಬರುವ ಲ್ಯಾಂಡ್‌ಲೈನ್ ಆಗಿದ್ದರೆ, ಕೆಲವು ಕಂಪನಿಗಳು ಆ ನಂಬರಿನ ಕರೆಯನ್ನು ಮನೆಯ ವೈಫೈ ಮೇಲೆ ಮೊಬೈಲಿನಲ್ಲೇ ಎತ್ತುವ ಆ್ಯಪ್ ಕೊಡುತ್ತವೆ. ಫ್ರಿಟ್ಜ್‌ಬಾಕ್ಸ್ ರೂಟರ್‌ಗಳಿಗೆ ಫ್ರಿಟ್ಜ್ ಆ್ಯಪ್ ಫೋನ್ ಇರುವುದು ಹೀಗೆ. ಒಂದೇ ಎಚ್ಚರ: ಇಂಥ ಆ್ಯಪ್‌ನ ಮಾತು ಏಡ್‌ಗೆ ಹೋಗುತ್ತದಾ ಅನ್ನುವುದನ್ನು ಒಂದು ಕರೆ ಮಾಡಿ ನೋಡಿ, ಆಮೇಲೆ ನೆಚ್ಚಿಕೊಳ್ಳಿ.

ಆ್ಯಪ್ ಇಲ್ಲದಿದ್ದರೆ ಕಾಲ್ ಫಾರ್ವರ್ಡ್. ಎಲ್ಲ ಕರೆಯನ್ನೂ ಮೊಬೈಲಿಗೆ ತಿರುಗಿಸಬೇಡಿ, "ಎತ್ತದಿದ್ದರೆ ಮಾತ್ರ" ಅನ್ನುವ ಬಗೆಯನ್ನು ಆರಿಸಿ. ಆಗ ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಅವರು ಎತ್ತುತ್ತಾರೆ, ಇಲ್ಲದಿದ್ದರೆ ನಿಮ್ಮ ಕಿವಿಗೆ ಬರುತ್ತದೆ. ತಿರುಗಿಸಿದ ಕರೆಗೆ ಹಣ ಹಾಕುತ್ತಾರಾ ಅಂತ ಮೊದಲೇ ಕೇಳಿ. ಶುರು ಮಾಡುವ ಕೋಡ್ ಜೊತೆ ನಿಲ್ಲಿಸುವ ಕೋಡನ್ನೂ ಬರೆದು ಫೋನಿನ ಪಕ್ಕ ಅಂಟಿಸಿ.

ಸ್ಪೀಕರ್ ಫೋನನ್ನೂ ಹಗುರ ಮಾಡಬೇಡಿ. ಎರಡೂ ಏಡ್‌ನ ಮೈಕ್‌ಗೆ ಸದ್ದು ಸಿಗುತ್ತದೆ, ಕೈ ಖಾಲಿ ಇರುತ್ತದೆ, ಸೀಟಿ ಇಲ್ಲ. ಫೋನ್ ನಿಮ್ಮ ಮುಂದೆ ಒಂದು ಮೊಳದೊಳಗೆ ಇರಲಿ. ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಫ್ಯಾನ್, ಟಿವಿ ಆಫ್ ಮಾಡಿ. ಪರದೆ, ಹಾಸಿಗೆ, ಬಟ್ಟೆ ಇರುವ ಕೋಣೆಯಲ್ಲಿ ಗುಂಯ್‌ಗುಟ್ಟುವುದು ಕಡಿಮೆ. ಆದರೆ ಬ್ಯಾಂಕಿನ ಮಾತು, ಡಾಕ್ಟರ ಮಾತು ಕೋಣೆಯವರಿಗೆಲ್ಲ ಕೇಳುತ್ತದೆ ಅನ್ನುವುದು ನೆನಪಿರಲಿ.

ಸದ್ದು ಎಷ್ಟು ಸ್ವಚ್ಛವಾದರೂ ಮಾತು ಬಿಡಿಸಿಕೊಳ್ಳಲು ಕಷ್ಟ ಅನ್ನುವವರು ಅಕ್ಷರದ ಸಹಾಯ ತೆಗೆದುಕೊಳ್ಳಿ. ಗೂಗಲ್ 2019ರಲ್ಲಿ ತಂದ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಆಂಡ್ರಾಯ್ಡ್ ಆ್ಯಪ್ ಕೇಳಿದ ಮಾತನ್ನು ಪರದೆ ಮೇಲೆ ಬರೆಯುತ್ತಾ ಹೋಗುತ್ತದೆ. ಲ್ಯಾಂಡ್‌ಲೈನನ್ನು ಸ್ಪೀಕರ್‌ಗೆ ಹಾಕಿ, ಮೊಬೈಲನ್ನು ಪಕ್ಕದಲ್ಲಿಡಿ. ಹೆಸರು, ಊರು ತಪ್ಪಾಗಿ ಬರೆಯುವುದುಂಟು, ಆದರೂ ಮಾತಿನ ಎಳೆ ಕೈತಪ್ಪುವುದಿಲ್ಲ.

ಆ ಕಡೆಯವರಿಗೆ ಏನು ಹೇಳಬೇಕು

"ಜೋರಾಗಿ ಹೇಳಿ" ಅನ್ನಬೇಡಿ. ಕೂಗಿದಾಗ ಸ್ವರಗಳು ಉಬ್ಬಿ, ವ್ಯಂಜನಗಳು ಮುಚ್ಚಿಹೋಗುತ್ತವೆ. "ನಾನು ಹಿಯರಿಂಗ್ ಏಡ್ ಹಾಕಿದ್ದೇನೆ, ಸ್ವಲ್ಪ ನಿಧಾನವಾಗಿ ಹೇಳಿ" ಅನ್ನಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಹೆಚ್ಚಿನವರು ಖುಷಿಯಿಂದಲೇ ಹಾಗೆ ಮಾಡುತ್ತಾರೆ. ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕೇಳಿ: ಎಪ್ಪತ್ತೆರಡು ಅನ್ನುವ ಬದಲು ಏಳು, ಎರಡು. "ಏನಂದ್ರಿ?" ಅಂತ ಕೇಳುವುದಕ್ಕಿಂತ ಕೇಳಿದಷ್ಟನ್ನು ನೀವೇ ಹೇಳಿ, ಉಳಿದದ್ದನ್ನು ಕೇಳಿ: "ಮಂಗಳವಾರ ಅಂದ್ರಿ, ಎಷ್ಟು ಗಂಟೆಗೆ?" ಆಗ ಅವರು ಪೂರ್ತಿ ವಾಕ್ಯ ಮತ್ತೆ ಹೇಳಬೇಕಾಗಿಲ್ಲ, ನಿಮಗೆ ಯಾವ ಬಗೆಯ ಉತ್ತರ ಬರಲಿದೆ ಅನ್ನುವುದೂ ಗೊತ್ತಿರುತ್ತದೆ.

ಸರಿಯಾಗಿ ಬರುತ್ತಿಲ್ಲ ಅಂದರೆ

ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ ಅಂದರೆ ಮೊದಲು ಬ್ಯಾಟರಿ ನೋಡಿ. ಸ್ಟ್ರೀಮಿಂಗ್‌ಗೆ ಮಾಮೂಲಿಗಿಂತ ಜಾಸ್ತಿ ವಿದ್ಯುತ್ ಬೇಕು. ಮುಗಿಯುತ್ತಾ ಬಂದ ಬ್ಯಾಟರಿ ಎದುರಿನ ಮಾತಿಗೆ ಸಾಕಾದರೂ ಫೋನಿಗೆ ಸಾಕಾಗದೆ ಇರಬಹುದು. ಒಂದೇ ಕಿವಿಗೆ ಬರುತ್ತಿದ್ದರೆ ಎರಡೂ ಏಡ್ ಆಫ್ ಮಾಡಿ ಒಟ್ಟಿಗೆ ಆನ್ ಮಾಡಿ. ಮಾತು ಮುಚ್ಚಿದಂತೆ ಕೇಳಿದರೆ ಮೇಣ ಕಟ್ಟಿದೆಯಾ, ಮೇಣ ತಡೆಯುವ ಬಿಲ್ಲೆ ಬದಲಿಸಬೇಕಾ ನೋಡಿ. ಮಾತು ಎರಡೆರಡು ಸಲ ಕೇಳಿದರೆ ರಿಸೀವರ್‌ನ ಸದ್ದೂ ಮೈಕ್ ಮೂಲಕ ಒಳಗೆ ಬರುತ್ತಿದೆ ಅಂತ ಅರ್ಥ. ಕರೆ ಹೊತ್ತಿನಲ್ಲಿ ಏಡ್‌ನ ಮೈಕ್ ತಗ್ಗಿಸುವಂತೆ ಹೊಂದಿಸಿಕೊಡಲು ಆಡಿಯಾಲಜಿಸ್ಟ್‌ಗೆ ಹೇಳಿ. ಅವರ ಹತ್ತಿರ ಹೋಗುವಾಗ "ಫೋನ್ ಕೇಳಲ್ಲ" ಅಂದರೆ ಸಾಕಾಗುವುದಿಲ್ಲ. ಯಾವ ಫೋನ್, ಯಾವ ಪ್ರೋಗ್ರಾಂ, ಸೀಟಿಯೋ, ಗುಂಯ್ ಸದ್ದೋ, ಬರೀ ಅಸ್ಪಷ್ಟವೋ ಅಂತ ಹೇಳಿ. ಕಾರ್ಡ್‌ಲೆಸ್ ಆದರೆ ಹ್ಯಾಂಡ್‌ಸೆಟ್ ಮತ್ತು ಬೇಸ್ ಜೊತೆಗೇ ಒಯ್ಯಿರಿ.

ಇನ್ನೊಂದು ವಿಷಯ, ಕರೆಂಟ್ ಹೋದಾಗಿನದು. ಹಳೇ ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ವೈರಿನ ಫೋನ್ ನಡೆಯುತ್ತದೆ. ಕಾರ್ಡ್‌ಲೆಸ್ ಬೇಸ್, ಅಡಾಪ್ಟರ್, ಫೈಬರ್ ರೂಟರ್ ಯಾವುದೂ ನಡೆಯುವುದಿಲ್ಲ. ಎಷ್ಟೇ ಒಳ್ಳೆಯ ವೈರ್‌ಲೆಸ್ ವ್ಯವಸ್ಥೆ ಮಾಡಿಕೊಂಡರೂ ತಾಮ್ರದ ಲೈನ್ ಇರುವವರು ಒಂದು ಮಾಮೂಲಿ ವೈರಿನ ಫೋನನ್ನು ಸಾಕೆಟ್‌ಗೆ ಚುಚ್ಚಿಯೇ ಇಡಿ. ರೂಟರ್ ಮೂಲಕ ಲೈನ್ ಬರುವವರು ರೂಟರ್‌ಗೆ ಬ್ಯಾಟರಿ ಬ್ಯಾಕಪ್ ಹಾಕಿಸಿ, ಮೊಬೈಲ್ ಚಾರ್ಜ್ ಇರುವಂತೆ ನೋಡಿಕೊಳ್ಳಿ. ಆ ವೈರಿನ ಫೋನಿನಲ್ಲಿ ರಿಸೀವರ್ ಎಲ್ಲಿ ಹಿಡಿದರೆ ನಿಮಗೆ ಚೆನ್ನಾಗಿ ಕೇಳುತ್ತದೆ ಅನ್ನುವುದನ್ನು ಕರೆಂಟ್ ಇರುವಾಗಲೇ ಅಭ್ಯಾಸ ಮಾಡಿಕೊಳ್ಳಿ.